ಯುಎನ್ ವಾಲಂಟಿಯರ್ ಆಗಿ ಜುಬಾಕ್ಕೆ: ಆಫರ್ ಪತ್ರದಿಂದ ಮೊದಲ ಎರಡು ವಾರದವರೆಗೆ

"ಆಫರ್ ಬಂದಿದೆ, ಈಗ ಮೊದಲು ಏನು ಮಾಡಲಿ?" ದಕ್ಷಿಣ ಸುಡಾನಿಗೆ ಯುಎನ್ ವಾಲಂಟಿಯರ್ ಆಗಿ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಇದೇ. ಕೇಳುವವರಲ್ಲಿ ನರ್ಸ್‌ಗಳಿದ್ದಾರೆ, ಸಿವಿಲ್ ಎಂಜಿನಿಯರ್‌ಗಳಿದ್ದಾರೆ, ಉಗ್ರಾಣ ನೋಡಿಕೊಳ್ಳುವವರು, ಕಂಪ್ಯೂಟರ್ ಕೆಲಸದವರು ಇದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಏನಾದರೂ ಒಂದು ಬಿಟ್ಟುಹೋಗುತ್ತದೆ. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಹೊಸಬರಿಗೆ ಒಂದೆರಡು ಮಾತು. ಯುಎನ್ ವಾಲಂಟಿಯರ್ಸ್ ಅಥವಾ ಯುಎನ್‌ವಿ ಅಂದರೆ ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ. 1970ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಇದನ್ನು ಹುಟ್ಟುಹಾಕಿತು. ಮುಖ್ಯ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ನೀವು ಕೆಲಸ ಮಾಡುವುದು ಯುನಿಸೆಫ್, ವಿಶ್ವ ಆಹಾರ ಕಾರ್ಯಕ್ರಮ, ಶಾಂತಿಪಾಲನಾ ಮಿಷನ್ ಹೀಗೆ ಯಾವುದೋ ಒಂದು ಸಂಸ್ಥೆಯ ಜೊತೆ. ಅದನ್ನು ಹೋಸ್ಟ್ ಎಂಟಿಟಿ ಅನ್ನುತ್ತಾರೆ, ಅಂದರೆ ನಿಮ್ಮನ್ನು ಕರೆಸಿಕೊಂಡ ಸಂಸ್ಥೆ. ಕೈಗೆ ಬರುವುದು ಸಂಬಳವಲ್ಲ, ಜೀವನ ಭತ್ಯೆ. ಊಟ, ಬಾಡಿಗೆ, ದಿನದ ಖರ್ಚಿಗೆಂದು ತಿಂಗಳು ತಿಂಗಳು ಕೊಡುವ ಹಣ ಅದು.

ದಕ್ಷಿಣ ಸುಡಾನ್ 2011ರ ಜುಲೈ 9ರಂದು ಸ್ವತಂತ್ರವಾದ ದೇಶ. ಜುಬಾ ಅದರ ರಾಜಧಾನಿ. ಅಲ್ಲಿನ ಶಾಂತಿಪಾಲನಾ ಮಿಷನ್‌ನಲ್ಲಿ ಭಾರತದ ಸೈನಿಕರೂ ಇದ್ದಾರೆ, ವಾಲಂಟಿಯರ್‌ಗಳೂ ಇದ್ದಾರೆ. ಬೇರೆ ದೇಶಕ್ಕೆ ಹೊರಟವರಿಗೂ ಇದರಲ್ಲಿ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಓದುವ ಮೊದಲು ಒಂದು ವಿಷಯ ಮನಸ್ಸಿನಲ್ಲಿಡಿ. ಇಲ್ಲಿ ಕಷ್ಟದ ಕೆಲಸ ಅಂತ ಯಾವುದೂ ಇಲ್ಲ. ಆದರೆ ಸರದಿ ತಪ್ಪಬಾರದು. ಪಾಸ್‌ಪೋರ್ಟ್ ನಂಬರ್ ಲಸಿಕೆ ಕಾರ್ಡಿಗೆ ಹೋಗುತ್ತದೆ, ಅಲ್ಲಿಂದ ವೀಸಾಕ್ಕೆ, ವೀಸಾ ಬಂದ ಮೇಲೆ ಟಿಕೆಟ್ಟಿಗೆ. ಮೊದಲಿನದು ಬದಲಾದರೆ ಅದರ ಮುಂದಿನದೆಲ್ಲ ಮತ್ತೆ ಮಾಡಬೇಕು. ನನಗೆ ಗೊತ್ತಿರುವವರಲ್ಲಿ ಪ್ರಯಾಣ ಮುಂದೆ ಹೋದವರಿಗೆಲ್ಲ ಹೆಚ್ಚುಕಡಿಮೆ ಇದೇ ಕಾರಣ.

1. ಆಫರ್ ನಿಜವಾದದ್ದೇ ಅಂತ ನೋಡಿ

ಯುಎನ್ ಹೆಸರಿನಲ್ಲಿ ಮೋಸ ಜಾಸ್ತಿ. ನೆನಪಿಡಿ: ಅರ್ಜಿಗೆ, ಸಂದರ್ಶನಕ್ಕೆ, ವೀಸಾ ಪ್ರಕ್ರಿಯೆಗೆ, ತರಬೇತಿಗೆ ಯುಎನ್‌ವಿ ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಯಾರಾದರೂ "ಪ್ರೊಸೆಸಿಂಗ್ ಫೀ" ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ನಿಜವಾದ ಆಫರ್ ಯುಎನ್‌ವಿಯ ಅಧಿಕೃತ ವೇದಿಕೆಯಲ್ಲಿ, ನಿಮ್ಮದೇ ಖಾತೆಯೊಳಗೆ ಕಾಣಬೇಕು. ವಾಟ್ಸಾಪ್‌ನಲ್ಲಿ ಮಾತ್ರ ಬಂದ ಪಿಡಿಎಫ್ ಆಫರ್ ಅಲ್ಲ. ಅರ್ಜಿಯನ್ನೇ ಹಾಕದ ಹುದ್ದೆಗೆ ಆಯ್ಕೆ ಆಗಿದ್ದೀರಿ ಅಂದರೂ ನಂಬಬೇಡಿ.

ಆಫರ್ ನಿಜ ಅಂತಾದರೆ ನಿಧಾನವಾಗಿ ಪೂರ್ತಿ ಓದಿ. ಜುಬಾ "ನಾನ್ ಫ್ಯಾಮಿಲಿ" ಸ್ಥಳ. ಹಾಗೆಂದರೆ ಗಂಡ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಇದನ್ನು ಮನೆಯಲ್ಲಿ ಮೊದಲೇ ಕೂತು ಮಾತಾಡಿ. ಟಿಕೆಟ್ ಬಂದ ಮೇಲೆ ಹೇಳುವ ವಿಷಯ ಅಲ್ಲ ಇದು.

ಈಗಿನ ಕೆಲಸಕ್ಕೆ ಇವತ್ತೇ ರಾಜೀನಾಮೆ ಕೊಡಬೇಡಿ. ಆಫರ್ ಒಪ್ಪಿಕೊಂಡ ಮೇಲೂ ವೈದ್ಯಕೀಯ ಒಪ್ಪಿಗೆ ಮತ್ತು ವೀಸಾ ಬಾಕಿ ಇರುತ್ತವೆ. ಯಾವುದಾದರೂ ಒಂದು ತಡವಾದರೆ ಹೊರಡುವ ದಿನ ವಾರಗಟ್ಟಲೆ ಮುಂದೆ ಹೋಗುತ್ತದೆ. ನೋಟಿಸ್ ಅವಧಿ ಉದ್ದ ಇದ್ದರೆ ಮೇಲಿನವರಿಗೆ ಬಾಯಿಮಾತಲ್ಲಿ ತಿಳಿಸಿಡಿ. ಕಾಗದ ಮಾತ್ರ ವೈದ್ಯಕೀಯ ಒಪ್ಪಿಗೆ ಬಂದು, ವೀಸಾದ ದಾರಿ ಸ್ಪಷ್ಟವಾದ ಮೇಲೆ ಕೊಡಿ.

2. ಪಾಸ್‌ಪೋರ್ಟ್, ಮತ್ತು ನಮ್ಮವರ ಇನಿಷಿಯಲ್ ಸಮಸ್ಯೆ

ಪಾಸ್‌ಪೋರ್ಟ್ ಕನಿಷ್ಠ ಆರು ತಿಂಗಳು ಚಾಲ್ತಿಯಲ್ಲಿರಬೇಕು ಅನ್ನುವುದು ಸಾಮಾನ್ಯ ನಿಯಮ. ಅಷ್ಟು ಸಾಲದು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಕೆಲಸದ ಅವಧಿ ಪೂರ್ತಿ ಮುಗಿಯುವವರೆಗೆ, ಮೇಲೆ ಆರು ತಿಂಗಳು ಇರಲಿ. ಖಾಲಿ ಪುಟಗಳೂ ಬೇಕು. ಇಲ್ಲದಿದ್ದರೆ ಈಗಲೇ ಮರುವಿತರಣೆಗೆ ಹಾಕಿ. ಲಸಿಕೆಗೂ ಮುಂಚೆ, ವೀಸಾಕ್ಕೂ ಮುಂಚೆ. ಹೊಸ ಪುಸ್ತಕ ಬಂದರೆ ನಂಬರ್ ಬದಲಾಗುತ್ತದೆ ಅಲ್ವಾ, ಅದಕ್ಕೆ.

ಇನ್ನು ಹೆಸರಿನ ಮಾತು. ಕರ್ನಾಟಕದಿಂದ ಹೋಗುವವರು ಎಡವುವುದೇ ಇಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅದು ಬಿಚ್ಚಿಕೊಂಡು ಅಪ್ಪನ ಹೆಸರಾಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ನನ್ನ ಪಾಸ್‌ಪೋರ್ಟಿನಲ್ಲೂ ಆ ಜಾಗ ಖಾಲಿಯೇ ಇತ್ತು. ಅರ್ಜಿಯಲ್ಲಿ ಇನಿಷಿಯಲ್ಲನ್ನೇ ಸರ್‌ನೇಮ್ ಅಂತ ತುಂಬಿದ್ದೆ. ಆಮೇಲೆ ಟಿಕೆಟ್ ಒಂದು ಹೆಸರಿಗೆ ಬಂತು, ವೀಸಾ ಇನ್ನೊಂದು ಹೆಸರಿಗೆ. ಸರಿಮಾಡಿಸಲು ಒಂಬತ್ತು ದಿನ ಹೋಯಿತು.

ನೀವು ಹೀಗೆ ಮಾಡಿ. ಪಾಸ್‌ಪೋರ್ಟಿನ ಮಾಹಿತಿ ಪುಟದಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಹೇಗಿದೆಯೋ ಹಾಗೇ ಎಲ್ಲ ಕಡೆ ತುಂಬಿ. ಸರ್‌ನೇಮ್ ಇಲ್ಲದಿದ್ದರೆ ನೀವೇ ಒಂದನ್ನು ಸೃಷ್ಟಿಸಬೇಡಿ. ನಿಮ್ಮ ಫೈಲ್ ನೋಡುತ್ತಿರುವ ಯುಎನ್‌ವಿ ಸಿಬ್ಬಂದಿಗೆ ಮೊದಲ ವಾರವೇ ಇಮೇಲ್ ಮಾಡಿ, "ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇಲ್ಲ, ಟಿಕೆಟ್ ಮತ್ತು ವೀಸಾದಲ್ಲಿ ಹೇಗೆ ಬರೆಯುತ್ತೀರಿ" ಎಂದು ಕೇಳಿ. ಎರಡೂ ಒಂದೇ ರೀತಿ ಇರಲಿ ಎಂದು ಬರೆದು ತಿಳಿಸಿ. ಡಿಗ್ರಿ ಪತ್ರದಲ್ಲಿ ಇನಿಷಿಯಲ್ ಬೇರೆ ಥರ ಇದ್ದರೆ, ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮಾಡಿಸಿದ ಅಫಿಡವಿಟ್ ಒಂದು ಜೊತೆಯಲ್ಲಿರಲಿ.

ಪಾಸ್‌ಪೋರ್ಟಿನಲ್ಲಿ "ಇಸಿಆರ್" ಮುದ್ರೆ ಇದೆಯೇ ಅಂತಲೂ ನೋಡಿ. ಅದು ಇದ್ದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಭಾರತ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಅಂಥ 18 ದೇಶಗಳ ಪಟ್ಟಿಯಲ್ಲಿ ದಕ್ಷಿಣ ಸುಡಾನ್ ಕೂಡ ಇದೆ. ಹತ್ತನೇ ತರಗತಿ ಪಾಸಾದವರಿಗೆ ಈ ಮುದ್ರೆ ಬೇಕಿಲ್ಲ. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದ ಹಳೇ ಪಾಸ್‌ಪೋರ್ಟಾಗಿದ್ದರೆ ಉಳಿದುಕೊಂಡಿರಬಹುದು. ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರ ತೋರಿಸಿ ಮರುವಿತರಣೆಯಲ್ಲಿ ತೆಗೆಸಿಕೊಳ್ಳಿ.

3. ವೈದ್ಯರು, ಲಸಿಕೆಗಳು, ಹಳದಿ ಪುಸ್ತಕ

ಹಳದಿ ಜ್ವರದ ಲಸಿಕೆ ಇಲ್ಲದೆ ಜುಬಾ ಪ್ರಯಾಣ ಇಲ್ಲ. ಇದು ಸೊಳ್ಳೆಯಿಂದ ಹರಡುವ ವೈರಸ್ ಕಾಯಿಲೆ, ನಮ್ಮ ದೇಶದಲ್ಲಿ ಇಲ್ಲ. ಆದ್ದರಿಂದ ಲಸಿಕೆಯೂ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಬೆಂಗಳೂರಿನಲ್ಲಿ ಅಂಥ ವ್ಯವಸ್ಥೆ ಇದೆ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಔಷಧಿ ಇರುತ್ತದೆ, ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಅದಕ್ಕೇ ಸಾಮಾನ್ಯವಾಗಿ ನಿಗದಿತ ದಿನಗಳಲ್ಲಿ, ಮೊದಲೇ ಹೆಸರು ಬರೆಸಿದವರಿಗೆ ಹಾಕುತ್ತಾರೆ. ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಬರುವವರು ಫೋನ್ ಮಾಡಿ ಖಚಿತ ಮಾಡಿಕೊಂಡೇ ಬಸ್ ಹತ್ತಿ. ಪಾಸ್‌ಪೋರ್ಟಿನ ಮೂಲಪ್ರತಿ ಒಯ್ಯಿರಿ.

ಲಸಿಕೆ ಹಾಕಿಸಿಕೊಂಡ ಮೇಲೆ ಹಳದಿ ಬಣ್ಣದ ಚಿಕ್ಕ ಪುಸ್ತಕ ಕೊಡುತ್ತಾರೆ. ಅಲ್ಲೇ ನಿಂತು ಹೆಸರು, ಪಾಸ್‌ಪೋರ್ಟ್ ನಂಬರ್, ದಿನಾಂಕ, ಸಹಿ, ಮುದ್ರೆ ಎಲ್ಲ ನೋಡಿಕೊಳ್ಳಿ. ಈ ಪ್ರಮಾಣಪತ್ರ ಜಾರಿಗೆ ಬರುವುದು ಲಸಿಕೆ ಹಾಕಿದ 10 ದಿನಗಳ ನಂತರ. ಹೊರಡುವ ವಾರ ಹಾಕಿಸಿಕೊಂಡರೆ ಪ್ರಯೋಜನ ಇಲ್ಲ. 2016ರ ಜುಲೈನಿಂದ ಒಂದು ಸಲ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು ಎಂಬ ನಿಯಮ ಬಂದಿದೆ. ಹಾಗಾಗಿ ಪುಸ್ತಕವನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ. ವಾಪಸ್ ಬರುವಾಗಲೂ ಬೇಕು. ಅದಿಲ್ಲದೆ ಬಂದಿಳಿದವರನ್ನು ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಮೊಟ್ಟೆಯ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಲಸಿಕೆಗೆ ಮೊದಲೇ ವೈದ್ಯರಿಗೆ ಹೇಳಿ. ಇದು ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ವೈರಸ್ ಇರುವಂಥದ್ದು. ಇನ್ನೊಂದು ಜೀವಂತ ಲಸಿಕೆ ಬೇಕಿದ್ದರೆ ಎರಡನ್ನೂ ಒಂದೇ ದಿನ ಹಾಕಿಸಬೇಕು, ಇಲ್ಲವೇ ನಾಲ್ಕು ವಾರ ಅಂತರ ಬಿಡಬೇಕು.

ಉಳಿದಂತೆ ಟೈಫಾಯ್ಡ್, ಹೆಪಟೈಟಿಸ್ ಎ ಮತ್ತು ಬಿ, ಧನುರ್ವಾಯು, ಪೋಲಿಯೊ, ಮೆನಿಂಜೈಟಿಸ್ ಲಸಿಕೆಗಳ ಬಗ್ಗೆ ಕೇಳಿ. ಮೆನಿಂಜೈಟಿಸ್ ಅಂದರೆ ಮೆದುಳಿನ ಪೊರೆಯ ಉರಿಯೂತ. ಆಫ್ರಿಕಾದ ನಡುಭಾಗದಲ್ಲಿ ಇದು ಪದೇ ಪದೇ ಕಾಣಿಸಿಕೊಳ್ಳುವ ಒಂದು ಪಟ್ಟಿಯೇ ಇದೆ, ದಕ್ಷಿಣ ಸುಡಾನ್ ಅದರೊಳಗೆ ಬರುತ್ತದೆ. ಕೆಲಸ ಹಳ್ಳಿಗಳ ಕಡೆಗಿದ್ದರೆ ನಾಯಿ ಕಡಿತದ ಲಸಿಕೆಯನ್ನೂ ಮುಂಚಿತವಾಗಿ ಹಾಕಿಸಿಕೊಳ್ಳುವುದು ಒಳ್ಳೆಯದು. ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಡೋಸ್ ಬೇಕು. ಅದಕ್ಕೇ ಆಫರ್ ಬಂದ ವಾರವೇ ಶುರು ಮಾಡಿ ಅನ್ನುತ್ತಿದ್ದೇನೆ.

ಮಲೇರಿಯಾವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. "ನಮ್ಮ ಊರಲ್ಲೂ ಮಲೇರಿಯಾ ನೋಡಿದ್ದೀವಿ" ಅನ್ನುವವರಿದ್ದಾರೆ. ಅಲ್ಲಿ ಹೆಚ್ಚಾಗಿರುವುದು ಫಾಲ್ಸಿಪ್ಯಾರಮ್, ಪ್ರಾಣಕ್ಕೇ ಅಪಾಯ ತರುವ ಜಾತಿ. ತಡೆಗಟ್ಟುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಶುರು ಮಾಡಿ. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲು ಆರಂಭಿಸಿ ದಿನಾ ತೆಗೆದುಕೊಳ್ಳಬೇಕು, ಆ ಜಾಗ ಬಿಟ್ಟ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಊಟದ ಜೊತೆ, ತುಂಬು ಲೋಟ ನೀರಿನಲ್ಲಿ ನುಂಗಿ. ಆ ಮಾತ್ರೆಯಿಂದ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಟೋಪಿ ಮತ್ತು ತುಂಬುತೋಳಿನ ಅಂಗಿ ಇರಲಿ. ಜ್ವರ ಬಂದರೆ ಮಾತ್ರೆ ತಿನ್ನುತ್ತಿದ್ದರೂ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ನಾಳೆ ನೋಡೋಣ ಅನ್ನಬೇಡಿ.

ಬಿಪಿ, ಶುಗರ್, ಥೈರಾಯ್ಡ್ ಇರುವವರು ಕನಿಷ್ಠ ಮೂರು ತಿಂಗಳ ಮಾತ್ರೆ ಒಯ್ಯಿರಿ. ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ. ನಮ್ಮ ಕಂಪನಿ ಹೆಸರು ಅಲ್ಲಿನ ಅಂಗಡಿಯವರಿಗೆ ಗೊತ್ತಾಗದಿರಬಹುದು.

4. ತರಬೇತಿ, ಭದ್ರತಾ ಅನುಮತಿ, ವೀಸಾ

"ಬಿಸೇಫ್" ಎಂಬ ಆನ್‌ಲೈನ್ ಭದ್ರತಾ ತರಬೇತಿ ಕಡ್ಡಾಯ. ಹಣ ಕೊಡಬೇಕಿಲ್ಲ, ಕೆಲವು ಗಂಟೆ ಸಾಕು. ಪ್ರಮಾಣಪತ್ರ ಇಳಿಸಿಕೊಂಡು ಒಂದು ಪ್ರಿಂಟ್ ಇಟ್ಟುಕೊಳ್ಳಿ. ಸುಮ್ನೆ ಮುಂದಿನ ಪುಟ, ಮುಂದಿನ ಪುಟ ಅಂತ ಒತ್ತಿ ಮುಗಿಸಬೇಡಿ. ಚೆಕ್‌ಪಾಯಿಂಟ್‌ನಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನುವ ಭಾಗ ಅಲ್ಲಿಗೆ ಹೋದ ಮೊದಲ ವಾರದಲ್ಲೇ ಬೇಕಾಗಬಹುದು.

ಭದ್ರತಾ ಅನುಮತಿ ಅಂದರೆ ನೀವು ಯಾವ ದಿನ, ಯಾವ ವಿಮಾನದಲ್ಲಿ, ಎಲ್ಲಿಗೆ ಬರುತ್ತೀರಿ ಎಂದು ವಿಶ್ವಸಂಸ್ಥೆಯ ಭದ್ರತಾ ವಿಭಾಗಕ್ಕೆ ತಿಳಿಸಿ ಒಪ್ಪಿಗೆ ಪಡೆಯುವುದು. "ಟ್ರಿಪ್" ಎಂಬ ವ್ಯವಸ್ಥೆಯಲ್ಲಿ ಇದು ನಡೆಯುತ್ತದೆ. ಸಾಮಾನ್ಯವಾಗಿ ಆಫೀಸಿನವರೇ ಹಾಕಿಕೊಡುತ್ತಾರೆ. ಆದರೂ "ನನ್ನ ಅನುಮತಿ ಬಂತೇ?" ಎಂದು ನೀವೇ ಕೇಳಿ, ಲಿಖಿತ ಉತ್ತರ ಪಡೆಯಿರಿ. ವಿಮಾನದ ದಿನ ಬದಲಾದರೆ ಅನುಮತಿಯನ್ನೂ ಬದಲಿಸಬೇಕು. ಇದನ್ನು ಮರೆಯುವವರು ತುಂಬಾ.

ವೀಸಾದ ವಿಷಯದಲ್ಲಿ ಒಂದೇ ಎಚ್ಚರಿಕೆ. ಪ್ರವಾಸಿ ವೀಸಾ ಬೇಗ ಸಿಗುತ್ತದೆ ಅಂತ ಅದನ್ನು ಮಾಡಿಸಿಕೊಂಡು ಹೊರಡಬೇಡಿ. ಕರೆಸಿಕೊಂಡ ಸಂಸ್ಥೆ ವೀಸಾಕ್ಕೆ ಬೆಂಬಲ ಪತ್ರ ಕೊಡುತ್ತದೆ. ಆ ಪತ್ರ ಬಂದ ಮೇಲೆ, ಅವರು ಹೇಳಿದ ವಿಧದ ವೀಸಾಕ್ಕೇ ಅರ್ಜಿ ಹಾಕಿ. ವೀಸಾ ಕೈಗೆ ಬಂದ ಮೇಲಷ್ಟೇ ಟಿಕೆಟ್. ಟಿಕೆಟ್ಟನ್ನು ನೀವೇ ಕೊಳ್ಳಬೇಕೇ, ಅವರು ಕೊಡುತ್ತಾರೆಯೇ ಅನ್ನುವುದನ್ನೂ ಬರಹದಲ್ಲಿ ಕೇಳಿಕೊಳ್ಳಿ. ಕಡಿಮೆ ದರ ಕಂಡಿತು ಎಂದು ಸ್ವಂತವಾಗಿ ಬುಕ್ ಮಾಡಿದವರಿಗೆ ಹಣ ವಾಪಸ್ ಸಿಗದೆ ಹೋದದ್ದಿದೆ.

5. ದುಡ್ಡು ಮತ್ತು ಫೋನು

ಜುಬಾದಲ್ಲಿ ವ್ಯವಹಾರ ಹೆಚ್ಚಾಗಿ ನಗದಿನಲ್ಲಿ. ಎಟಿಎಂ ನಂಬಿಕೊಂಡು ಹೋಗಬೇಡಿ. ನೆಲೆಯೂರಲು ಒಂದು ಸಲ ಕೊಡುವ ಹಣ, ಮೊದಲ ತಿಂಗಳ ಭತ್ಯೆ ಎರಡೂ ಬರಲು ಸಮಯ ಹಿಡಿಯಬಹುದು. ಮೊದಲ ತಿಂಗಳ ಬಾಡಿಗೆ, ಊಟಕ್ಕೆ ಆಗುವಷ್ಟು ಡಾಲರ್ ಕೈಯಲ್ಲಿರಲಿ. ಎಷ್ಟು ಬೇಕಾಗುತ್ತದೆ ಎಂದು ಅಲ್ಲಿ ಈಗಾಗಲೇ ಇರುವ ವಾಲಂಟಿಯರ್ ಒಬ್ಬರನ್ನು ಕೇಳಿ. ಅವರ ಸಂಪರ್ಕವನ್ನು ಆಫೀಸಿನವರೇ ಮಾಡಿಸಿಕೊಡುತ್ತಾರೆ. ಭಾರತದಿಂದ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ನೋಟುಗಳಲ್ಲಿ ಒಯ್ಯಬಹುದು. ಪರವಾನಗಿ ಇರುವ ವಿನಿಮಯ ಅಂಗಡಿಯಲ್ಲೇ ಕೊಂಡು ರಸೀದಿ ಇಟ್ಟುಕೊಳ್ಳಿ.

ನೋಟು ಕೊಳ್ಳುವಾಗ ಕೌಂಟರಿನಲ್ಲೇ ಒಂದೊಂದಾಗಿ ನೋಡಿ. ಪೂರ್ವ ಆಫ್ರಿಕಾದ ಹಲವು ಕಡೆ ಹಳೇ ಸರಣಿಯ ಡಾಲರ್ ತೆಗೆದುಕೊಳ್ಳುವುದಿಲ್ಲ. ಹರಿದದ್ದು, ಪೆನ್ನಿನ ಗುರುತು ಇರುವುದು, ಬ್ಯಾಂಕಿನ ಮುದ್ರೆ ಬಿದ್ದದ್ದು ಕೂಡ ನಡೆಯುವುದಿಲ್ಲ. ನೋಟಿನ ಮೇಲೆ ಅಚ್ಚಾದ ವರ್ಷ 2013 ಅಥವಾ ಅದಕ್ಕಿಂತ ಈಚಿನದಿರಲಿ. 100ರ ನೋಟಿಗೆ ಒಳ್ಳೆ ದರ ಸಿಗುತ್ತದೆ, 5, 10ರ ನೋಟಿಗೆ ಕಡಿಮೆ. ಆದರೂ ಚಿಕ್ಕ ಖರ್ಚಿಗೆ ಕೆಲವು ಸಣ್ಣ ನೋಟು ಬೇಕೇ ಬೇಕು. ಎಲ್ಲವನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ.

ಫೋನಿನ ವಿಷಯವನ್ನು ಇನ್ನೂ ಗಮನವಿಟ್ಟು ಓದಿ. ನಮ್ಮ ಬ್ಯಾಂಕು, ಆಧಾರ್, ಪಿಎಫ್ ಎಲ್ಲ ಒಂದೇ ಮೊಬೈಲ್ ನಂಬರಿಗೆ ಅಂಟಿಕೊಂಡಿವೆ. ಆ ನಂಬರ್ ಸತ್ತರೆ ಓಟಿಪಿ ಬರಲ್ಲ, ಓಟಿಪಿ ಬರದಿದ್ದರೆ ಮನೆಯ ಸಾಲದ ಕಂತನ್ನೂ ಕಟ್ಟಲಾಗದು. ಹೊರಡುವ ಮೊದಲು ಭಾರತದಲ್ಲೇ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ. ಆ ಕಂಪನಿಗೆ ದಕ್ಷಿಣ ಸುಡಾನಿನಲ್ಲಿ ರೋಮಿಂಗ್ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ನಿಮ್ಮ ಬ್ಯಾಂಕು ಇಮೇಲ್‌ಗೆ ಓಟಿಪಿ ಕಳಿಸುತ್ತದೆಯೇ ನೋಡಿ. ನಂಬರ್ ಸಾಯದ ಹಾಗೆ ರೀಚಾರ್ಜ್ ಮಾಡುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ. ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಬಳಕೆಯ ಸ್ವಿಚ್ ಆನ್ ಮಾಡಿಕೊಳ್ಳಿ, ದಾರಿಯ ವಿಮಾನ ನಿಲ್ದಾಣಗಳಲ್ಲಿ ಬೇಕಾಗುತ್ತದೆ.

ವಿದೇಶಕ್ಕೆ ಕೆಲಸಕ್ಕೆ ಹೋದವರ ಉಳಿತಾಯ ಖಾತೆಯ ನಿಯಮ ಬೇರೆ. ಬ್ಯಾಂಕಿನಲ್ಲಿ ಒಮ್ಮೆ, ತೆರಿಗೆಯ ಬಗ್ಗೆ ಸಿಎ ಹತ್ತಿರ ಒಮ್ಮೆ ಮಾತಾಡಿ ಹೋಗಿ. ನಿಮ್ಮ ಜೀವವಿಮೆ ಪಾಲಿಸಿಯಲ್ಲಿ ಸಂಘರ್ಷ ಇರುವ ಪ್ರದೇಶದ ಬಗ್ಗೆ ಏನು ಬರೆದಿದೆ ಅನ್ನುವುದನ್ನೂ ಓದಿ.

6. ಪ್ಯಾಕಿಂಗ್: ಅಮ್ಮ ಕಟ್ಟಿಕೊಟ್ಟದ್ದನ್ನು ಒಮ್ಮೆ ಬಿಚ್ಚಿ ನೋಡಿ

ಇದು ಪ್ರೀತಿಯಿಂದ ಆಗುವ ತೊಂದರೆ. ಒಣ ಕೊಬ್ಬರಿಗೆ ವಿಮಾನದಲ್ಲಿ ಅವಕಾಶ ಇಲ್ಲ. ಕೈಚೀಲದಲ್ಲೂ ಇಲ್ಲ, ಒಳಗೆ ಹಾಕುವ ಲಗೇಜಿನಲ್ಲೂ ಇಲ್ಲ. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತಿಕೊಳ್ಳಬಹುದು ಎಂಬ ಕಾರಣಕ್ಕೆ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ದುಬೈ ಮೂಲಕ ಹೋಗುವವರು ಗಸಗಸೆಯನ್ನು ಯಾವ ಕಾರಣಕ್ಕೂ ಒಯ್ಯಬೇಡಿ. ನಮಗೆ ಅದು ಪಾಯಸದ ಸಾಮಾನು. ಯುಎಇ ಕಾನೂನಿನಲ್ಲಿ ಮಾದಕ ವಸ್ತುಗಳ ಜೊತೆ ನಿಷೇಧವಾಗಿದೆ. ಮಸಾಲೆ ಡಬ್ಬಿಯ ಮೂಲೆಯಲ್ಲಿ ಒಂದು ಚಿಕ್ಕ ಪೊಟ್ಟಣ ಇದ್ದರೂ ಜೈಲಿನ ಮಾತು. ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಲ್ಲೂ ಕೆಲವಕ್ಕೆ ಅಲ್ಲಿ ನಿರ್ಬಂಧ ಇದೆ, ಚೀಟಿ ಜೊತೆಗಿರಲಿ. ನೈರೋಬಿ ಮೂಲಕ ಹೋಗುವುದಾದರೆ ತೆಳು ಪ್ಲಾಸ್ಟಿಕ್ ಕೈಚೀಲ ಬೇಡ. ಕೀನ್ಯಾ 2017ರಲ್ಲೇ ನಿಷೇಧಿಸಿದೆ.

ಸ್ಯಾಟಲೈಟ್ ಫೋನನ್ನು ಪರವಾನಗಿ ಇಲ್ಲದೆ ಭಾರತದ ವಿಮಾನ ನಿಲ್ದಾಣಕ್ಕೆ ತರುವುದು ಅಪರಾಧ. ಫೀಲ್ಡ್ ಕೆಲಸಕ್ಕೆ ಬೇಕು ಅಂದರೆ ಸಂಸ್ಥೆಯೇ ಅಲ್ಲಿ ಕೊಡುತ್ತದೆ. ರಜೆಗೆ ಬರುವಾಗ ಅದನ್ನು ಬ್ಯಾಗಿನಲ್ಲಿ ಮರೆತು ತರಬೇಡಿ. ಸೈನಿಕರ ಬಟ್ಟೆಯಂಥ ಮಚ್ಚೆಮಚ್ಚೆ ಪ್ಯಾಂಟು, ಡ್ರೋನ್ ಎರಡನ್ನೂ ಮನೆಯಲ್ಲೇ ಬಿಡಿ.

ತೂಕದ ಲೆಕ್ಕಕ್ಕೆ ಬರೋಣ. ಅಂತರರಾಷ್ಟ್ರೀಯ ವಿಮಾನ ಎಷ್ಟೇ ಕೆ.ಜಿ. ಬಿಟ್ಟರೂ, ಜುಬಾದಿಂದ ಮಲಕಾಲ್, ಬೆಂಟಿಯು, ಬೋರ್ ಕಡೆ ಹೋಗುವ ವಿಶ್ವಸಂಸ್ಥೆಯ ಚಿಕ್ಕ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 20 ಕೆ.ಜಿ. ಮಾತ್ರ. ನಿಮ್ಮ ಕೆಲಸ ಅಲ್ಲಿ ಎಂದಾದರೆ ಎರಡು ದೊಡ್ಡ ಸೂಟ್‌ಕೇಸ್ ಒಯ್ದು ಜುಬಾದಲ್ಲೇ ಬಿಡುವ ಪರಿಸ್ಥಿತಿ ಬರುತ್ತದೆ. ಮೊದಲೇ 20 ಕೆ.ಜಿ.ಯ ಒಂದು ಬ್ಯಾಗು ಬೇರೆ ಮಾಡಿ.

ಆ ಊರುಗಳ ಮಣ್ಣು ವಿಜಯಪುರ, ಗದಗ ಕಡೆಯವರಿಗೆ ಚೆನ್ನಾಗಿ ಗೊತ್ತು. ಎರೆಮಣ್ಣು. ಒಂದು ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಜೀಪು ಹೂತುಹೋಗುತ್ತದೆ, ಮಣ್ಣಿನ ರನ್‌ವೇ ಮುಚ್ಚುತ್ತದೆ. ಮಳೆ ಸುಮಾರು ಏಪ್ರಿಲಿನಿಂದ ಅಕ್ಟೋಬರ್‌ವರೆಗೆ. ಬೆಂಟಿಯು 2021ರ ನೆರೆಯಿಂದ ನೀರಿನ ನಡುವೆ, ಒಡ್ಡುಗಳ ಆಸರೆಯಲ್ಲಿ ನಿಂತ ಊರು. ಮೊಣಕಾಲುದ್ದದ ಗಮ್‌ಬೂಟು ಒಯ್ದರೆ ಉಪಕಾರ ನೆನೆಯುತ್ತೀರಿ.

ಉಳಿದದ್ದು ಚಿಕ್ಕ ಪಟ್ಟಿ. ತಲೆಗೆ ಕಟ್ಟುವ ಟಾರ್ಚು, ಕನ್ನಡಕ ಹಾಕುವವರಿಗೆ ಎರಡನೇ ಜೊತೆ, ಮುಚ್ಚಿದ ಶೂ, ಪವರ್ ಬ್ಯಾಂಕ್ (ಕೈಚೀಲದಲ್ಲೇ ಇರಬೇಕು). ಹೆಣ್ಣುಮಕ್ಕಳು ಮೂರು ತಿಂಗಳಿಗಾಗುವಷ್ಟು ಪ್ಯಾಡ್ ಅಥವಾ ಕಪ್ ಒಯ್ಯಿರಿ, ಫೀಲ್ಡ್‌ನಲ್ಲಿ ಸಿಗುವುದು ಕಷ್ಟ. ನಮ್ಮ ಪ್ಲಗ್ಗುಗಳು ಬಹುತೇಕ ಅಲ್ಲೂ ಹೊಂದುತ್ತವೆ, ಕರೆಂಟು 230 ವೋಲ್ಟ್. ಚಟ್ನಿಪುಡಿ, ಹುರಿಹಿಟ್ಟು, ಒಂದು ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಧಾರಾಳವಾಗಿ ಒಯ್ಯಿರಿ.

7. ಹೊರಡುವ ದಿನ

ಕೈಚೀಲದಲ್ಲಿ ಒಂದು ಫೈಲು ಇರಲಿ. ಆಫರ್ ಪತ್ರ, ವೀಸಾ, ಬೆಂಬಲ ಪತ್ರ, ಹಳದಿ ಪುಸ್ತಕ, ಬಿಸೇಫ್ ಪ್ರಮಾಣಪತ್ರ, ಜುಬಾದಲ್ಲಿ ಕರೆದೊಯ್ಯಲು ಬರುವವರ ಹೆಸರು ಮತ್ತು ನಂಬರ್. ಎಲ್ಲವೂ ಕಾಗದದ ಮೇಲೆ. ಫೋನು ಸ್ವಿಚ್ ಆಫ್ ಆದರೂ ಕೆಲಸ ನಡೆಯಬೇಕು. ನಿಮ್ಮ ಟಿಕೆಟ್ ಬಹುಶಃ ಹೋಗುವುದಕ್ಕೆ ಮಾತ್ರ ಇರುತ್ತದೆ. ಚೆಕ್ ಇನ್ ಕೌಂಟರಿನವರು "ರಿಟರ್ನ್ ಎಲ್ಲಿ?" ಎಂದು ಕೇಳುತ್ತಾರೆ. ಗಾಬರಿ ಬೇಡ, ಆಫರ್ ಪತ್ರ ತೋರಿಸಿ. ಇಮಿಗ್ರೇಶನ್ ಅಧಿಕಾರಿಯ ಹತ್ತಿರವೂ ಇಷ್ಟೇ. ಎಲ್ಲಿಗೆ, ಯಾವ ಸಂಸ್ಥೆಗೆ, ಎಷ್ಟು ಕಾಲ ಎಂದು ನೇರವಾಗಿ ಹೇಳಿ.

ಒಂದು ಜೊತೆ ಬಟ್ಟೆ, ಎರಡು ವಾರದ ಔಷಧಿ ಕೈಚೀಲದಲ್ಲೇ ಇರಲಿ. ನನ್ನ ಲಗೇಜು ನನಗಿಂತ ಮೂರು ದಿನ ತಡವಾಗಿ ಬಂತು. ಮಲೇರಿಯಾ ಮಾತ್ರೆ ಅದರೊಳಗಿತ್ತು.

ಹಲವರ ದಾರಿ ಅಡಿಸ್ ಅಬಾಬಾ ಮೂಲಕ. ಆ ಊರು ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿದೆ. ಆಫ್ರಿಕಾ ಅಂದರೆ ಸೆಕೆ ಅಂದುಕೊಂಡು ತೆಳು ಅಂಗಿಯಲ್ಲಿ ಇಳಿದರೆ ರಾತ್ರಿ ನಡುಗುತ್ತೀರಿ, ಸ್ವೆಟರ್ ಮೇಲೇ ಇರಲಿ. ಅಲ್ಲಿ ರಾತ್ರಿ ಹೋಟೆಲಿನಲ್ಲಿ ಉಳಿಯಬೇಕಾಗಿ ಬಂದರೆ ಗಡಿಯಾರದ ಬಗ್ಗೆ ಎಚ್ಚರ. ಇಥಿಯೋಪಿಯಾದ ಜನ ಗಂಟೆಯನ್ನು ಎಣಿಸುವುದು ಸೂರ್ಯೋದಯದಿಂದ, ನಮ್ಮ ಪಂಚಾಂಗದಲ್ಲಿ ಘಳಿಗೆ ಎಣಿಸುವ ಹಾಗೆ. ನಮ್ಮ ಬೆಳಗಿನ 7 ಗಂಟೆ ಅವರಿಗೆ 1 ಗಂಟೆ. ವಿಮಾನದ ಟಿಕೆಟ್ಟಿನಲ್ಲಿ ಇರುವುದು ನಮ್ಮ ಲೆಕ್ಕವೇ. ಆದರೆ ಟ್ಯಾಕ್ಸಿಯವರು, ಎಬ್ಬಿಸುವವರು ತಮ್ಮ ಲೆಕ್ಕದಲ್ಲಿ ಹೇಳಬಹುದು. "ನಮ್ಮ ಗಡಿಯಾರದ ಲೆಕ್ಕವೋ, ನಿಮ್ಮದೋ?" ಎಂದು ಕೇಳಿಯೇ ಮಲಗಿ. ಫೋನಿನಲ್ಲಿ ಅಲಾರಂ ಕೂಡ ಇಡಿ.

8. ಜುಬಾದಲ್ಲಿ ಇಳಿದ ಕೂಡಲೇ

ವಿಮಾನದ ಮೆಟ್ಟಿಲಲ್ಲಿ ನಿಂತು ಫೋಟೊ ತೆಗೆಯಬೇಡಿ. ವಿಮಾನ ನಿಲ್ದಾಣ, ಸೇತುವೆ, ಸರ್ಕಾರಿ ಕಟ್ಟಡ, ಸೈನಿಕರು, ನೈಲ್ ನದಿಯ ದಡ ಸಹ, ಅನುಮತಿ ಇಲ್ಲದೆ ಫೋಟೊ ತೆಗೆದರೆ ಫೋನು ಕಿತ್ತುಕೊಳ್ಳಬಹುದು, ಹಿಡಿದು ಕೂರಿಸಲೂಬಹುದು. ಮನೆಯವರಿಗೆ "ತಲುಪಿದೆ" ಎಂಬ ಒಂದು ಸಾಲು ಸಾಕು.

ಹಳದಿ ಪುಸ್ತಕ, ಪಾಸ್‌ಪೋರ್ಟ್, ವೀಸಾ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಲ್ಲಿ. ಗದ್ದಲ ಇರುತ್ತದೆ. ಯಾರಾದರೂ "ಬೇಗ ಮಾಡಿಸಿಕೊಡುತ್ತೇನೆ" ಎಂದು ಪಾಸ್‌ಪೋರ್ಟ್ ಕೇಳಿದರೆ ಕೊಡಬೇಡಿ. ಸಮವಸ್ತ್ರದಲ್ಲಿ, ಕೌಂಟರಿನ ಹಿಂದೆ ಇರುವವರಿಗೆ ಮಾತ್ರ ಕೊಡಿ. ಹೊರಗೆ ವಿಶ್ವಸಂಸ್ಥೆಯ ವಾಹನ ಕಾಯುತ್ತಿರುತ್ತದೆ. ಕಾಣದಿದ್ದರೆ ಟ್ಯಾಕ್ಸಿ ಹತ್ತಬೇಡಿ. ಒಳಗೇ ನಿಂತು ಫೈಲಿನಲ್ಲಿರುವ ನಂಬರಿಗೆ ಫೋನ್ ಮಾಡಿ. ಎರಡು ಗಂಟೆ ಕಾದರೂ ಪರವಾಗಿಲ್ಲ.

ಭಾರತಕ್ಕಿಂತ ಅಲ್ಲಿ ಮೂರೂವರೆ ಗಂಟೆ ಹಿಂದೆ. ನೀವು ರಾತ್ರಿ 9ಕ್ಕೆ ಫೋನ್ ಮಾಡಿದರೆ ಮನೆಯಲ್ಲಿ 12:30. ಮೊದಲ ದಿನವೇ ಫೋನಿನ ಸಮಯ ಗೊತ್ತುಮಾಡಿಕೊಳ್ಳಿ. ಇಲ್ಲದಿದ್ದರೆ ಅಪ್ಪ, ಅಮ್ಮ ನಿದ್ದೆಗೆಟ್ಟು ಕಾಯುತ್ತಾ ಕೂರುತ್ತಾರೆ.

9. ಮೊದಲ ಎರಡು ವಾರ

ಮೊದಲು ಆಗುವುದು ಭದ್ರತೆಯ ವಿವರಣೆ. ಎಲ್ಲಿ ಹೋಗಬಹುದು, ಎಷ್ಟು ಗಂಟೆಯೊಳಗೆ ವಾಪಸ್ ಬರಬೇಕು, ಗುಂಡಿನ ಸದ್ದು ಕೇಳಿದರೆ ಏನು ಮಾಡಬೇಕು. ಬರೆದುಕೊಳ್ಳಿ. ನಿಮಗೆ ವೈರ್‌ಲೆಸ್ ಸೆಟ್ಟು, ಒಂದು ಕಾಲ್‌ಸೈನ್ ಕೊಡಬಹುದು. ಕಾಲ್‌ಸೈನ್ ಅಂದರೆ ರೇಡಿಯೊದಲ್ಲಿ ನಿಮ್ಮ ಹೆಸರಿನ ಬದಲು ಬಳಸುವ ಗುರುತು. ನಿಗದಿತ ಹೊತ್ತಿಗೆ ನಿಮ್ಮನ್ನು ಕೂಗುತ್ತಾರೆ, ಉತ್ತರ ಕೊಡಬೇಕು. ಇದನ್ನು ಔಪಚಾರಿಕ ಅಂದುಕೊಂಡು ಬಿಡಬೇಡಿ. ಫೋನ್ ನೆಟ್‌ವರ್ಕ್ ನಿಂತ ದಿನ ನೀವು ಎಲ್ಲಿದ್ದೀರಿ ಎಂದು ತಿಳಿಯಲು ಅದೊಂದೇ ದಾರಿ.

"ಸ್ಸೇಫ್" ಎಂಬ ಪ್ರಾಯೋಗಿಕ ತರಬೇತಿಯೂ ಇರುತ್ತದೆ. ಗಾಯಕ್ಕೆ ಕಟ್ಟು ಹಾಕುವುದು, ರೇಡಿಯೊ ಬಳಸುವುದು, ಅಡ್ಡಗಟ್ಟಿದರೆ ಹೇಗೆ ಮಾತಾಡುವುದು ಎಲ್ಲ ಮಾಡಿ ತೋರಿಸುತ್ತಾರೆ. ಕೆಲವು ಭಾಗ ಮನಸ್ಸಿಗೆ ಭಾರ ಅನ್ನಿಸಬಹುದು. ಹಾಗೆ ಅನ್ನಿಸಿದರೆ ತರಬೇತುದಾರರಿಗೆ ಹೇಳಿ, ಅದರಲ್ಲಿ ಸಂಕೋಚ ಬೇಡ.

ವಾಸ ಹೆಚ್ಚಾಗಿ ಕಾಂಪೌಂಡಿನೊಳಗಿನ ಕಂಟೇನರ್ ಕೋಣೆಯಲ್ಲಿ. ಅದಕ್ಕೆ ಬಾಡಿಗೆ ಎಷ್ಟು, ನೀರು ಯಾವ ಹೊತ್ತಿಗೆ, ಜನರೇಟರ್ ಯಾವಾಗ ನಿಲ್ಲುತ್ತದೆ ಕೇಳಿಕೊಳ್ಳಿ. ಮೊದಲ ರಾತ್ರಿಯೇ ಸೊಳ್ಳೆಪರದೆ ಕಟ್ಟಿ ಮಲಗಿ. ವಿದೇಶಿಯರ ನೋಂದಣಿಯನ್ನು ಆಫೀಸಿನವರು ಮಾಡಿಸುತ್ತಾರೆ, ಆದರೆ ಆಯಿತೇ ಎಂದು ನೀವೇ ಬೆನ್ನುಹತ್ತಿ ಕೇಳಿ. ಜುಬಾದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ನಿಮ್ಮ ವಿವರ ಕೊಟ್ಟಿಡಿ. ಪರಿಸ್ಥಿತಿ ಕೆಟ್ಟು ಜನರನ್ನು ಹೊರತರಬೇಕಾದಾಗ ಪಟ್ಟಿಯಲ್ಲಿ ಹೆಸರಿರುವುದು ಮುಖ್ಯ.

ಊಟದ ಬಗ್ಗೆ ಭಯ ಬೇಡ. ಅಲ್ಲಿನ ಮುಖ್ಯ ಧಾನ್ಯ ಜೋಳ, ನಮ್ಮ ಬಿಳಿಜೋಳದ ಬಂಧು. ಜೋಳದ ಹಿಟ್ಟನ್ನು ಹುಳಿ ಬರಿಸಿ ಕಾವಲಿಯ ಮೇಲೆ ತೆಳ್ಳಗೆ ಎರೆಯುವ ಕಿಸ್ರಾ, ಮೊದಲ ತುತ್ತಿಗೇ ದೋಸೆ ನೆನಪಿಸುತ್ತದೆ. ಸಸ್ಯಾಹಾರಿಗಳಿಗೆ ಬೇಯಿಸಿದ ಕಾಳಿನ ಫೂಲ್, ಸೊಪ್ಪು, ಅನ್ನ, ಚಪಾತಿ ಸಿಗುತ್ತದೆ. ಚಪಾತಿಗೆ ಅಲ್ಲೂ ಚಪಾತಿ ಅಂತಲೇ ಹೆಸರು. ಸೊಪ್ಪಿನ ಪಲ್ಯದಲ್ಲಿ ಮಾಂಸದ ಸಾರು ಬೆರೆತಿದೆಯೇ ಎಂದು ಮಾತ್ರ ಕೇಳಿ. ಕುಡಿಯಲು ಬಾಟಲಿ ನೀರು ಅಥವಾ ಕುದಿಸಿದ ನೀರು.

ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ಸಂತೆಯಲ್ಲಿ, ಗೇಟಿನಲ್ಲಿ ಜುಬಾ ಅರೇಬಿಕ್. "ಶುಕ್ರನ್" ಅಂದರೆ ಧನ್ಯವಾದ, "ಕ್ವೈಸ್" ಅಂದರೆ ಚೆನ್ನಾಗಿದೆ, "ಮಾಲೇಶ್" ಅಂದರೆ ಕ್ಷಮಿಸಿ. ಗೇಟು ಕಾಯುವವರಿಗೆ ದಿನಾ ನಮಸ್ಕಾರ ಹೇಳಿ, ಹೆಸರು ಕೇಳಿ, ಮನೆಯವರನ್ನು ವಿಚಾರಿಸಿ. ಅಲ್ಲಿ ಕುಶಲ ಕೇಳದೆ ನೇರ ಕೆಲಸದ ಮಾತಿಗೆ ಬರುವುದು ಒರಟುತನ ಅನ್ನಿಸುತ್ತದೆ. ಜೊತೆಯ ಸ್ಥಳೀಯ ಸಿಬ್ಬಂದಿ ಎಷ್ಟೋ ವರ್ಷ ಯುದ್ಧ, ವಲಸೆ ಕಂಡವರು. ಅವರಾಗಿ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ. ಕೆಲಸ ಹೇಗೆ ನಡೆಯುತ್ತದೆ ಎಂದು ಅವರಿಂದ ಕಲಿಯಲು ಮೊದಲ ಎರಡು ವಾರವನ್ನು ಮೀಸಲಿಡಿ. ಹೊಸ ಐಡಿಯಾಗಳು ಆಮೇಲೆ.

ಮೊದಲ ಭಾನುವಾರ ಬಹಳ ಉದ್ದ ಅನ್ನಿಸುತ್ತದೆ. ಹೊರಗೆ ಸುತ್ತಾಡುವಂತಿಲ್ಲ, ಪರಿಚಯದವರಿಲ್ಲ. ಆ ದಿನಕ್ಕೆ ಮೊದಲೇ ಏನಾದರೂ ಗೊತ್ತುಮಾಡಿಕೊಳ್ಳಿ. ಕಾಂಪೌಂಡಿನ ವಾಲಿಬಾಲ್‌ಗೆ ಹೋಗಿ, ಇಲ್ಲವೇ ನಿಮ್ಮ ಚಟ್ನಿಪುಡಿ ಡಬ್ಬಿ ಹಿಡಿದು ಪಕ್ಕದ ಕಂಟೇನರಿನವರನ್ನು ಊಟಕ್ಕೆ ಕರೆಯಿರಿ.

ಎರಡನೇ ವಾರ ಮುಗಿಯುವುದರೊಳಗೆ ಮೇಲ್ವಿಚಾರಕರನ್ನು ಕೇಳಿ ನಿಮ್ಮ ಮೊದಲ ವಿಶ್ರಾಂತಿ ರಜೆಯ ದಿನಾಂಕ ಗೊತ್ತುಮಾಡಿಕೊಳ್ಳಿ. ಕಷ್ಟದ ಸ್ಥಳಗಳಲ್ಲಿ ಕೆಲವು ವಾರಗಳಿಗೊಮ್ಮೆ ದೇಶದಿಂದ ಹೊರಗೆ ಹೋಗಿಬರಲು ಕೊಡುವ ರಜೆ ಇದು. ನಿಮ್ಮ ವೀಸಾದಲ್ಲಿ ಮತ್ತೆ ಒಳಬರಲು ಅವಕಾಶ ಇದೆಯೇ ಎಂದು ಆಗಲೇ ನೋಡಿಕೊಳ್ಳಿ. ಆ ಪ್ರಯಾಣಕ್ಕೂ ಭದ್ರತಾ ಅನುಮತಿ ಬೇಕು, ಹಳದಿ ಪುಸ್ತಕವೂ ಜೊತೆಗಿರಬೇಕು.